ಉಪ್ಪುನೀರಿಗೆ ಇಳಿಸುವ ದೋಣಿ ಟ್ರೇಲರ್: ಯಾವ ಲೋಹದ್ದು ಕೊಳ್ಳಬೇಕು?

ಪ್ರಶ್ನೆ: ನನ್ನ ಹತ್ತಿರ ಐದೂವರೆ ಮೀಟರ್ ಉದ್ದದ ಫೈಬರ್ ದೋಣಿ ಇದೆ. ಎಂಜಿನ್, ಇಂಧನ, ಸಾಮಾನು ಎಲ್ಲ ಸೇರಿ ಸುಮಾರು 900 ಕಿಲೋ ತೂಗುತ್ತದೆ. ಇಷ್ಟು ದಿನ ಕೆರೆಯಲ್ಲಿ ಇಳಿಸುತ್ತಿದ್ದೆ. ಇನ್ನು ಮುಂದೆ ಅಳಿವೆಯಲ್ಲಿ, ಸಮುದ್ರದಲ್ಲಿ ಇಳಿಸಬೇಕು. ತಿಂಗಳಿಗೆ ಮೂರು ನಾಲ್ಕು ಸಲ ಆಗಬಹುದು. ಈಗಿರುವುದು ಬಣ್ಣ ಬಳಿದ ಕಬ್ಬಿಣದ ಟ್ರೇಲರ್. ಹೊಸದು ಕೊಳ್ಳೋಣ ಎಂದು ವಿಚಾರಿಸಿದರೆ ಒಬ್ಬರು ಗ್ಯಾಲ್ವನೈಸ್ಡ್ ತಗೊಳ್ಳಿ ಅನ್ನುತ್ತಾರೆ. ಇನ್ನೊಬ್ಬರು ಅಲ್ಯೂಮಿನಿಯಂಗೆ ತುಕ್ಕೇ ಹಿಡಿಯುವುದಿಲ್ಲ ಅನ್ನುತ್ತಾರೆ. ಮತ್ತೊಬ್ಬರು ಸ್ಟೇನ್‌ಲೆಸ್ ಸ್ಟೀಲಿನಲ್ಲೇ ಮಾಡಿಸಿ ಅನ್ನುತ್ತಾರೆ. ಯಾವುದು ಸರಿ? ಹಳೇ ಟ್ರೇಲರನ್ನೇ ಗ್ಯಾಲ್ವನೈಸ್ ಮಾಡಿಸಿದರೆ ನಡೆಯುತ್ತದೆಯೇ?

ಉತ್ತರ: ನೀವು ಹೇಳಿದ ತೂಕಕ್ಕೆ, ಬಳಕೆಗೆ ನಾನು ಸೂಚಿಸುವುದು ಹಾಟ್ ಡಿಪ್ ಗ್ಯಾಲ್ವನೈಸ್ ಮಾಡಿದ, ಅಂದರೆ ಕರಗಿದ ಸತುವಿನಲ್ಲಿ ಅದ್ದಿದ ಕಬ್ಬಿಣದ ಟ್ರೇಲರ್. ಅದರಲ್ಲೂ ಬಾಕ್ಸ್ ಪೈಪಿನದು ಬೇಡ, ಇಂಗ್ಲಿಷಿನ C ಅಕ್ಷರದಂತೆ ಒಂದು ಬದಿ ತೆರೆದ ಸಿ ಚಾನಲ್‌ನದು ನೋಡಿ. ನಿಮ್ಮ ಗಾಡಿಯ ಎಳೆಯುವ ಮಿತಿ ತೀರಾ ಹತ್ತಿರ ಬರುತ್ತಿದ್ದರೆ ಮಾತ್ರ ಅಲ್ಯೂಮಿನಿಯಂ ಕಡೆ ಹೋಗಿ. ಬಣ್ಣದ ಟ್ರೇಲರನ್ನು ಕೆರೆಗೇ ಇಟ್ಟುಕೊಳ್ಳಿ. ಸ್ಟೇನ್‌ಲೆಸ್ ಬೇಕಾಗುವುದು ಕೆಲವು ಸಣ್ಣ ಭಾಗಗಳಿಗೆ ಮಾತ್ರ.

ಆದರೆ ಇಷ್ಟಕ್ಕೇ ನಿಲ್ಲಿಸಿದರೆ ನಿಮಗೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ಟ್ರೇಲರ್ ಹಾಳಾಗುವುದು ಅದರ ದೊಡ್ಡ ಚೌಕಟ್ಟಿನಿಂದ ಅಲ್ಲ. ಉಪ್ಪುನೀರು ಒಳಗೆ ಹೋಗಿ ಹೊರಗೆ ಬಾರದ ಜಾಗಗಳಿಂದ. ಹಾಗಾಗಿ ಯಾವ ಲೋಹ ಎಂದು ಕೇಳುವಾಗಲೇ ಇನ್ನೊಂದನ್ನೂ ಕೇಳಿಕೊಳ್ಳಬೇಕು: ಈ ಟ್ರೇಲರಿನಲ್ಲಿ ನೀರು ಎಲ್ಲೆಲ್ಲಿ ನಿಲ್ಲುತ್ತದೆ, ಅಲ್ಲಿಗೆ ನಾನು ತೊಳೆಯುವ ಪೈಪಿನ ನೀರು ಮುಟ್ಟುತ್ತದೆಯೇ?

ಮೊದಲು ಉಪ್ಪಿನ ಸ್ವಭಾವ ನೋಡೋಣ. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪು ಇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಕ್ಲೋರೈಡ್. ಲೋಹಗಳು ತಮ್ಮ ಮೈಮೇಲೆ ತಾವೇ ಕಟ್ಟಿಕೊಳ್ಳುವ ತೆಳ್ಳನೆಯ ರಕ್ಷಣೆಯ ಪದರವನ್ನು ಒಡೆಯುವುದು ಈ ಕ್ಲೋರೈಡೇ. ಜೊತೆಗೆ ಉಪ್ಪುನೀರಿನಲ್ಲಿ ವಿದ್ಯುತ್ ಚೆನ್ನಾಗಿ ಹರಿಯುತ್ತದೆ. ಎರಡು ಬೇರೆ ಬೇರೆ ಲೋಹಗಳು ತಾಗಿಕೊಂಡಿದ್ದರೆ ಒಂದು ಇನ್ನೊಂದನ್ನು ತಿನ್ನುವ ಕೆಲಸ ಸಿಹಿನೀರಿಗಿಂತ ಇಲ್ಲಿ ಎಷ್ಟೋ ಬೇಗ ನಡೆಯುತ್ತದೆ.

ಟ್ರೇಲರ್ ನೀರಿನಲ್ಲಿ ಇರುವುದು ಕೆಲವೇ ನಿಮಿಷ, ಆಮೇಲೆ ಬಿಸಿಲಿಗೆ ಒಣಗುತ್ತದಲ್ವಾ ಎಂದು ಬಹಳ ಜನ ಅಂದುಕೊಳ್ಳುತ್ತಾರೆ. ನೀರು ಒಣಗುತ್ತದೆ, ಉಪ್ಪು ಹೋಗುವುದಿಲ್ಲ. ತೇವದ ದಿನಗಳಲ್ಲಿ ಮುಚ್ಚಿಟ್ಟ ಡಬ್ಬಿಯಲ್ಲೂ ಉಪ್ಪು ನೀರೊಡೆಯುತ್ತದಲ್ಲ, ಟ್ರೇಲರಿನ ಮೇಲೆ ಕೂತ ಉಪ್ಪೂ ಹಾಗೆಯೇ. ಗಾಳಿಯ ತೇವಾಂಶ ಶೇ 75 ದಾಟಿದರೆ ಅಡುಗೆಯ ಉಪ್ಪು ನೀರೆಳೆದುಕೊಂಡು ಕರಗುತ್ತದೆ. ಸಮುದ್ರದ ಉಪ್ಪಿನಲ್ಲಿ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದಕ್ಕೆ ಶೇ 33ರಷ್ಟು ತೇವಾಂಶವೇ ಸಾಕು. ಅಂದರೆ ಮನೆ ಮುಂದೆ ಒಣಗಿ ನಿಂತಂತೆ ಕಾಣುವ ಟ್ರೇಲರ್ ಪ್ರತಿ ರಾತ್ರಿ ಮತ್ತೆ ಒದ್ದೆಯಾಗುತ್ತದೆ, ಅದೂ ಗಟ್ಟಿ ಉಪ್ಪುನೀರಿನಿಂದ. ಸಮುದ್ರದಲ್ಲಿ ಮುಳುಗಿದ್ದ ಹತ್ತು ನಿಮಿಷಕ್ಕಿಂತ ಆಮೇಲೆ ತೊಳೆಯದೆ ನಿಲ್ಲಿಸಿದ ಹತ್ತು ದಿನ ಜಾಸ್ತಿ ಕೆಡಿಸುತ್ತದೆ. ಅಳಿವೆಯ ನೀರು ಸಪ್ಪೆ ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಉಬ್ಬರದ ಹೊತ್ತಿಗೆ ಅಲ್ಲೂ ಸಮುದ್ರದ ನೀರೇ ಇರುತ್ತದೆ.

ಈಗ ಒಂದೊಂದಾಗಿ ಬರೋಣ.

ಬಣ್ಣದ ಕಬ್ಬಿಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಣ್ಣವಾಗಲಿ ಪೌಡರ್ ಕೋಟಿಂಗ್ ಆಗಲಿ, ಅದು ಮೇಲೆ ಹೊದಿಸಿದ ಹೊದಿಕೆ ಅಷ್ಟೆ. ರಸ್ತೆಯಲ್ಲಿ ಒಂದು ಕಲ್ಲು ಸಿಡಿದು ಗೀರು ಬಿದ್ದರೆ ಸಾಕು, ಉಪ್ಪು ಅಲ್ಲಿಂದ ನುಗ್ಗಿ ಬಣ್ಣದ ಅಡಿಯಲ್ಲೇ ಹರಡುತ್ತದೆ. ಮೇಲಿಂದ ನೋಡಿದರೆ ಬಣ್ಣ ಸ್ವಲ್ಪ ಉಬ್ಬಿದಂತೆ ಕಾಣುತ್ತದೆ. ಕೆರೆದು ನೋಡಿದರೆ ಅಡಿಯಲ್ಲಿ ಹಕ್ಕಳೆ ಹಕ್ಕಳೆಯಾಗಿ ತುಕ್ಕು ಏಳುತ್ತದೆ. ಸಿಹಿನೀರಿನಲ್ಲಿ ವರ್ಷಗಟ್ಟಲೆ ಬಾಳುವ ಈ ಟ್ರೇಲರ್ ಸಮುದ್ರಕ್ಕೆ ತಕ್ಕದ್ದಲ್ಲ.

ಗ್ಯಾಲ್ವನೈಸಿಂಗ್ ಬೇರೆ ರೀತಿ ಕೆಲಸ ಮಾಡುತ್ತದೆ. ಹಾಟ್ ಡಿಪ್ ಎಂದರೆ ತಯಾರಾದ ಚೌಕಟ್ಟನ್ನು ಆಸಿಡ್‌ನಲ್ಲಿ ತೊಳೆದು, ಸುಮಾರು 450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಸತುವಿನೊಳಗೆ ಪೂರ್ತಿ ಮುಳುಗಿಸುವುದು. ಆಗ ಸತು ಮತ್ತು ಕಬ್ಬಿಣ ಸೇರಿ ನಡುವೆ ಗಟ್ಟಿಯಾದ ಮಿಶ್ರಲೋಹದ ಪದರಗಳು ಹುಟ್ಟುತ್ತವೆ. ಹೀಗಾಗಿ ಇದು ಬಣ್ಣದ ಹಾಗೆ ಸುಲಭವಾಗಿ ಸುಲಿದು ಬರುವುದಿಲ್ಲ. ಅದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿದೆ. ಗೀರು ಬಿದ್ದು ಕಬ್ಬಿಣ ಹೊರಗೆ ಕಂಡರೂ ಸುತ್ತಲಿನ ಸತು ತಾನು ಸವೆದು ಆ ಕಬ್ಬಿಣವನ್ನು ಕಾಯುತ್ತದೆ. ಸತು ಇರುವವರೆಗೆ ಈ ಕಾವಲು ಇರುತ್ತದೆ.

ಹಾಗಾದರೆ ಎಷ್ಟು ಸತು ಇದೆ ಎನ್ನುವುದೇ ಆಯುಷ್ಯದ ಲೆಕ್ಕ. ಹಾಟ್ ಡಿಪ್‌ಗೆ ಇರುವ ಐಎಸ್ಒ 1461 ಮಾನದಂಡದ ಪ್ರಕಾರ 3ರಿಂದ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಮೇಲೆ ಸರಾಸರಿ ಕನಿಷ್ಠ 70 ಮೈಕ್ರಾನ್ ಸತು ಇರಬೇಕು. 6 ಮಿಲಿಮೀಟರಿಗಿಂತ ದಪ್ಪದ್ದಾದರೆ 85 ಮೈಕ್ರಾನ್. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ಉಪ್ಪುಗಾಳಿ ಜೋರಾಗಿರುವ ಕಡಲಂಚಿನ ವಾತಾವರಣಕ್ಕೆ ಐಎಸ್ಒ 9223 ಮಾನದಂಡ ಸಿ5 ಎನ್ನುವ ವರ್ಗ ಕೊಡುತ್ತದೆ. ಅಲ್ಲಿ ಸತು ವರ್ಷಕ್ಕೆ 4.2ರಿಂದ 8.4 ಮೈಕ್ರಾನ್ ಸವೆಯುತ್ತದೆ. 70 ಮೈಕ್ರಾನ್ ಇದ್ದರೆ ಎಂಟರಿಂದ ಹದಿನಾರು ವರ್ಷ ಎಂದಾಯಿತು. ಇದು ಗಾಳಿಯಲ್ಲಿ ಸುಮ್ಮನೆ ನಿಂತ ಲೋಹದ ಲೆಕ್ಕ. ನೀರಿಗೆ ಇಳಿಸಿ ತೊಳೆಯದೇ ಬಿಟ್ಟರೆ ಇನ್ನೂ ಬೇಗ ಮುಗಿಯುತ್ತದೆ. ಪ್ರತಿ ಸಲ ತೊಳೆದು, ಸಮುದ್ರದಿಂದ ದೂರ, ನೆರಳಿನಲ್ಲಿ ನಿಲ್ಲಿಸಿದರೆ ಇದಕ್ಕಿಂತ ಎಷ್ಟೋ ಜಾಸ್ತಿ ಬಾಳುತ್ತದೆ.

ಇಲ್ಲೇ ಜನ ಮೋಸ ಹೋಗುವುದು. ಅಂಗಡಿಯಲ್ಲಿ ಜಿಐ (ಗ್ಯಾಲ್ವನೈಸ್ಡ್ ಐರನ್) ಎಂದು ಕರೆಯುವುದೆಲ್ಲ ಹಾಟ್ ಡಿಪ್ ಅಲ್ಲ. ವಿದ್ಯುತ್ ಹರಿಸಿ ಸತು ಲೇಪಿಸುವ ಪ್ಲೇಟಿಂಗ್ ಇದೆ. ಅದರ ದಪ್ಪ ಸಾಮಾನ್ಯವಾಗಿ 5ರಿಂದ 12 ಮೈಕ್ರಾನ್. ಮೊದಲೇ ಸತು ಹಚ್ಚಿದ ತೆಳು ಪೈಪುಗಳನ್ನು ತಂದು, ಕತ್ತರಿಸಿ, ವೆಲ್ಡ್ ಮಾಡಿ, ವೆಲ್ಡಿಂಗ್ ಜಾಗಕ್ಕೆ ಬೆಳ್ಳಿ ಬಣ್ಣ ಹೊಡೆಯುವವರೂ ಇದ್ದಾರೆ. ವೆಲ್ಡಿಂಗ್ ಬಿಸಿಗೆ ಅಲ್ಲಿನ ಸತು ಸುಟ್ಟುಹೋಗಿರುತ್ತದೆ. ಹಾಗಾಗಿ ತುಕ್ಕು ಶುರುವಾಗುವುದೇ ಬೆಸುಗೆಯ ಗೆರೆಯಿಂದ, ಅಂದರೆ ಶಕ್ತಿ ಅತಿ ಜಾಸ್ತಿ ಬೇಕಾದ ಜಾಗದಿಂದ.

ಗುರುತಿಸುವುದು ಕಷ್ಟವೇನಲ್ಲ. ಹಾಟ್ ಡಿಪ್ ಆದದ್ದು ಮಾಸಲು ಬೂದು ಬಣ್ಣ ಇರುತ್ತದೆ. ಅಂಚುಗಳಲ್ಲಿ ಸತು ಇಳಿದು ಹೆಪ್ಪುಗಟ್ಟಿದ ಹನಿಗಳು ಸಿಗುತ್ತವೆ. ಪ್ಲೇಟಿಂಗ್ ಆದದ್ದು ನುಣ್ಣಗೆ ಹೊಳೆಯುತ್ತದೆ, ಕೆಲವೊಮ್ಮೆ ಸ್ವಲ್ಪ ನೀಲಿ ಇಲ್ಲವೇ ಹಳದಿ ಛಾಯೆ ಇರುತ್ತದೆ. ಒಂದು ಟಾರ್ಚ್ ತೆಗೆದುಕೊಂಡು ಹೋಗಿ. ಪೈಪಿನ ಒಳಗೆ, ಬೋಲ್ಟ್ ತೂತಿನ ಒಳಗೋಡೆಯಲ್ಲಿ, ವೆಲ್ಡಿಂಗ್ ಮೇಲೆ ಬೆಳಕು ಬಿಟ್ಟು ನೋಡಿ. ಮೂರೂ ಕಡೆ ಅದೇ ಬೂದು ಪದರ ಇದ್ದರೆ, ಚೌಕಟ್ಟು ಪೂರ್ತಿ ತಯಾರಾದ ಮೇಲೆ ಅದ್ದಿದ್ದಾರೆ ಎಂದರ್ಥ. ತೂತಿನೊಳಗೆ ಬರೀ ಕಬ್ಬಿಣ ಕಂಡರೆ ಆಮೇಲೆ ಕೊರೆದದ್ದು. ಕಾರಿನ ಬಣ್ಣದ ದಪ್ಪ ಅಳೆಯುವ ಸಣ್ಣ ಉಪಕರಣ ಕಾಂತದಿಂದ ಕೆಲಸ ಮಾಡುವಂಥದ್ದಾದರೆ ಕಬ್ಬಿಣದ ಮೇಲಿನ ಸತುವಿನ ದಪ್ಪವನ್ನೂ ಹೇಳುತ್ತದೆ. ಅದು ಯಾರ ಹತ್ತಿರವಾದರೂ ಸಿಕ್ಕರೆ ನಾಲ್ಕೈದು ಕಡೆ ಇಟ್ಟು ನೋಡಿ.

ಹೊಸ ಗ್ಯಾಲ್ವನೈಸ್ಡ್ ಟ್ರೇಲರಿನ ಬಗ್ಗೆ ಇನ್ನೊಂದು ಮಾತು ಹೇಳಬೇಕು, ಏಕೆಂದರೆ ಮಾರುವವರು ಇದನ್ನು ಹೇಳುವುದಿಲ್ಲ. ಸತುವಿಗೆ ನಿಜವಾದ ಬಲ ಬರುವುದು ಅದು ಗಾಳಿಯ ಇಂಗಾಲದ ಡೈಆಕ್ಸೈಡ್ ಜೊತೆ ಸೇರಿ ಸತುವಿನ ಕಾರ್ಬೊನೇಟ್ ಪದರ ಕಟ್ಟಿಕೊಂಡ ಮೇಲೆ. ಅದಕ್ಕೆ ಒದ್ದೆಯಾಗಿ ಒಣಗುವ, ಮತ್ತೆ ಒದ್ದೆಯಾಗಿ ಒಣಗುವ ಸರದಿ ಬೇಕು. ಹೊಳೆಯುವ ಹೊಸ ಸತುವನ್ನು ನೇರ ಉಪ್ಪುನೀರಿಗೆ ಅದ್ದಿ ಹಾಗೇ ಬಿಟ್ಟರೆ ಬಿಳಿ ಪುಡಿ ಎದ್ದು ಪದರ ಸುಮ್ನೆ ವ್ಯರ್ಥವಾಗುತ್ತದೆ. ಸಾಧ್ಯವಾದರೆ ತಂದ ಮೇಲೆ ಕೆಲವು ವಾರ ಮಳೆ ಗಾಳಿಗೆ ಬಿಡಿ. ಆಗದಿದ್ದರೆ ಮೊದಲ ಕೆಲವು ತಿಂಗಳು ತೊಳೆಯುವುದರಲ್ಲಿ ಒಂದು ಸಲವೂ ತಪ್ಪಬೇಡಿ.

ತೆರೆದ ಚಾನಲ್ ಏಕೆ ಎಂದರೆ, ಬಾಕ್ಸ್ ಪೈಪಿನ ಒಳಗೆ ನೀರು ಹೋಗುತ್ತದೆ, ಕೆಸರು ಮರಳು ಕೂರುತ್ತದೆ, ನೀವು ತೊಳೆಯುವ ನೀರು ಅಲ್ಲಿಗೆ ಸರಿಯಾಗಿ ಮುಟ್ಟುವುದಿಲ್ಲ. ಒಳಗಿನಿಂದ ಸವೆದು ಹೊರಗೆ ತೂತು ಕಾಣುವ ಹೊತ್ತಿಗೆ ಗೋಡೆ ಕಾಗದದಷ್ಟು ತೆಳ್ಳಗಾಗಿರುತ್ತದೆ. ಚಾನಲ್ ಆದರೆ ಎಲ್ಲವೂ ಕಣ್ಣೆದುರೇ ಇರುತ್ತದೆ. ಬಾಕ್ಸ್ ಪೈಪಿನದೇ ಕೊಳ್ಳಬೇಕಾದರೆ ಎರಡೂ ತುದಿ ತೆರೆದಿರಬೇಕು. ತಳದಲ್ಲಿ ನೀರು ಬಸಿಯುವ ತೂತುಗಳಿರಬೇಕು.

ಈಗ ಅಲ್ಯೂಮಿನಿಯಂ. "ತುಕ್ಕೇ ಹಿಡಿಯುವುದಿಲ್ಲ" ಎನ್ನುವುದು ಅರ್ಧ ನಿಜ. ಕೆಂಪು ತುಕ್ಕು ಬರುವುದಿಲ್ಲ. ಗಾಳಿ ತಾಗಿದ ಕ್ಷಣವೇ ಅದರ ಮೇಲೆ ಆಕ್ಸೈಡ್ ಪದರ ಕಟ್ಟಿಕೊಳ್ಳುತ್ತದೆ, ಗೀರು ಬಿದ್ದರೂ ಮತ್ತೆ ಕಟ್ಟಿಕೊಳ್ಳುತ್ತದೆ. ಬಯಲಲ್ಲಿ ನಿಂತ, ನೀರು ಜಾರಿ ಹೋಗುವ ಅಲ್ಯೂಮಿನಿಯಂ ಬೀಮ್ ಸಮುದ್ರದ ಬದಿಯಲ್ಲೂ ದಶಕಗಟ್ಟಲೆ ಬಾಳುತ್ತದೆ. ತೂಕವೂ ಕಡಿಮೆ. ಕಬ್ಬಿಣದ ಸಾಂದ್ರತೆ ಒಂದು ಘನ ಮೀಟರಿಗೆ 7,850 ಕಿಲೋ, ಅಲ್ಯೂಮಿನಿಯಂದು ಸುಮಾರು 2,700. ಆದರೆ ಇಡೀ ಟ್ರೇಲರ್ ಮೂರರಲ್ಲೊಂದು ತೂಕಕ್ಕೆ ಇಳಿಯುವುದಿಲ್ಲ. ಅಲ್ಯೂಮಿನಿಯಂ ಕಬ್ಬಿಣಕ್ಕಿಂತ ಮೂರು ಪಟ್ಟು ಸುಲಭವಾಗಿ ಬಾಗುತ್ತದೆ. ಅದಕ್ಕೇ ಬೀಮನ್ನು ಎತ್ತರವಾಗಿ, ದಪ್ಪವಾಗಿ ಮಾಡಬೇಕಾಗುತ್ತದೆ. ಆ್ಯಕ್ಸಲ್, ಸ್ಪ್ರಿಂಗ್, ಹಬ್ (ಬೇರಿಂಗ್ ಇರುವ ಚಕ್ರದ ನಡುಭಾಗ) ಹೇಗಿದ್ದರೂ ಕಬ್ಬಿಣದವೇ.

ಅಲ್ಯೂಮಿನಿಯಂ ಕೆಡುವುದು ಬೇರೆ ಲೋಹ ತಾಗಿದಲ್ಲಿ ಮತ್ತು ಒದ್ದೆ ಹಿಡಿದಿಡುವ ವಸ್ತು ಒತ್ತಿದಲ್ಲಿ. ಸ್ಟೇನ್‌ಲೆಸ್ ಬೋಲ್ಟನ್ನು ನೇರವಾಗಿ ಅಲ್ಯೂಮಿನಿಯಂಗೆ ಬಿಗಿದು ಉಪ್ಪುನೀರಿಗೆ ಬಿಟ್ಟರೆ ಬೋಲ್ಟಿಗೆ ಏನೂ ಆಗುವುದಿಲ್ಲ. ತೂತಿನ ಸುತ್ತ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ. ಹಾಟ್ ಡಿಪ್ ಆದ ಬೋಲ್ಟ್ ಇಲ್ಲಿ ಹೆಚ್ಚು ಸರಿಹೊಂದುತ್ತದೆ, ಏಕೆಂದರೆ ಸತು ಅಲ್ಯೂಮಿನಿಯಂಗಿಂತ ಮೊದಲು ತಾನು ಸವೆಯುತ್ತದೆ. ಆದರೆ ಸತು ಮುಗಿದು ಬೋಲ್ಟಿನ ಮೇಲೆ ಕೆಂಪು ಕಂಡ ದಿನ ಅದನ್ನು ಬದಲಿಸಬೇಕು. ಸ್ಟೇನ್‌ಲೆಸ್ಸೇ ಹಾಕಿದ್ದರೆ ನೈಲಾನ್ ವಾಷರ್, ತೂತಿಗೆ ಪ್ಲಾಸ್ಟಿಕ್ ತೋಳು, ಮೇಲೆ ನೀರು ತಡೆಯುವ ಪೇಸ್ಟ್ ಬೇಕೇ ಬೇಕು. ಅಲ್ಯೂಮಿನಿಯಂ ಟ್ರೇಲರ್ ನೋಡಲು ಹೋದಾಗ ಒಂದು ಬೋಲ್ಟ್ ಬಿಚ್ಚಿ ತೋರಿಸಿ ಎಂದು ಕೇಳಿ. ನಡುವೆ ಏನೂ ಇಲ್ಲದಿದ್ದರೆ ಆ ಟ್ರೇಲರ್ ಸಮುದ್ರಕ್ಕೆ ಮಾಡಿದ್ದಲ್ಲ.

ದೋಣಿ ಕೂರುವ ಮರದ ಹಲಗೆಗಳನ್ನೂ ನೋಡಿ. ಗೆದ್ದಲು, ಕೊಳೆ ಹಿಡಿಯದಂತೆ ಮರಕ್ಕೆ ಹಾಕುವ ಔಷಧಿಗಳಲ್ಲಿ ತಾಮ್ರ ಇರುತ್ತದೆ. ತಾಮ್ರ ಅಲ್ಯೂಮಿನಿಯಂಗೆ ಕಡು ಶತ್ರು. ಅಂಥ ಹಲಗೆ ನೇರವಾಗಿ ಅಲ್ಯೂಮಿನಿಯಂ ಬ್ರಾಕೆಟ್ ಮೇಲೆ ಕೂತಿದ್ದರೆ ಅಡಿಯಲ್ಲಿ ಗುಳಿ ಗುಳಿ ಬೀಳುತ್ತದೆ. ಹಲಗೆಗೆ ಸುತ್ತಿದ ಕಾರ್ಪೆಟ್ ಉಪ್ಪುನೀರನ್ನು ದಿನಗಟ್ಟಲೆ ಹಿಡಿದಿಟ್ಟು ಕೆಲಸವನ್ನು ಇನ್ನೂ ಬೇಗ ಮಾಡುತ್ತದೆ. ಗಟ್ಟಿ ಪ್ಲಾಸ್ಟಿಕ್ ಹಲಗೆ ಹಾಕಿಸಿಕೊಳ್ಳುವುದು ಒಳ್ಳೆಯದು. ಇಲ್ಲವಾದರೆ ನಡುವೆ ದಪ್ಪ ರಬ್ಬರ್ ಇಲ್ಲವೇ ಪ್ಲಾಸ್ಟಿಕ್ ಹಾಳೆ ಇರಲಿ.

ಅಲ್ಯೂಮಿನಿಯಂನಲ್ಲಿ ನನ್ನನ್ನು ತುಕ್ಕಿಗಿಂತ ಜಾಸ್ತಿ ಯೋಚನೆಗೆ ಹಚ್ಚುವುದು ಬಿರುಕು. ಕಬ್ಬಿಣಕ್ಕೆ ಒಂದು ಮಿತಿಯೊಳಗೆ ಎಷ್ಟು ಸಲ ಅಲುಗಿದರೂ ಸುಸ್ತಾಗದ ಗುಣ ಇದೆ. ಅಲ್ಯೂಮಿನಿಯಂಗೆ ಅಂಥ ಮಿತಿ ಇಲ್ಲ. ಕೆಟ್ಟ ರಸ್ತೆಯ ಪ್ರತಿ ಕುಲುಕಾಟವೂ ಅದರ ಲೆಕ್ಕಕ್ಕೆ ಸೇರುತ್ತದೆ. ಜೊತೆಗೆ ಟ್ರೇಲರುಗಳಿಗೆ ಬಳಸುವ 6061-ಟಿ6 ಮಿಶ್ರಲೋಹವನ್ನು ವೆಲ್ಡ್ ಮಾಡಿದರೆ, ಬಿಸಿ ತಾಗಿದ ಜಾಗದಲ್ಲಿ ಅದರ ಬಲ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಒಳ್ಳೆಯ ಅಲ್ಯೂಮಿನಿಯಂ ಟ್ರೇಲರುಗಳ ಮುಖ್ಯ ಜೋಡಣೆಗಳನ್ನು ವೆಲ್ಡ್ ಮಾಡದೆ ಬೋಲ್ಟ್ ಹಾಕಿ ಬಿಗಿಯುವುದು ಇದೇ ಕಾರಣಕ್ಕೆ. ನೀವು ಓಡಿಸುವ ದಾರಿ ಉದ್ದವೂ ಒರಟೂ ಆಗಿದ್ದರೆ, ಬೋಲ್ಟ್ ತೂತುಗಳ ಅಂಚನ್ನು, ಗಾಡಿಗೆ ಸಿಕ್ಕಿಸುವ ಮುಂದಿನ ದಂಡದ ಬುಡವನ್ನು ಆಗಾಗ ಒರೆಸಿ ನೋಡುತ್ತಿರಬೇಕು. ಕೂದಲೆಳೆಯಷ್ಟು ಗೆರೆ ಕಂಡರೂ ದೋಣಿ ಹೇರಬೇಡಿ.

ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಇಡೀ ಟ್ರೇಲರ್ ಮಾಡಿಸುವುದಕ್ಕೆ ನಾನು ಒಪ್ಪುವುದಿಲ್ಲ. ದುಬಾರಿ ಎನ್ನುವುದು ಒಂದು ಕಾರಣ ಅಷ್ಟೆ. ಪಾತ್ರೆಗಳಿಗೆ ಬಳಸುವ 304 ದರ್ಜೆ ಸಮುದ್ರದ ನೀರಿಗೆ ತಡೆಯುವುದಿಲ್ಲ, ಸಣ್ಣ ಸಣ್ಣ ಗುಳಿ ಬೀಳುತ್ತದೆ. 316 ದರ್ಜೆಯಲ್ಲಿ ಶೇ 2ರಿಂದ 3 ಮಾಲಿಬ್ಡಿನಂ ಇರುವುದರಿಂದ ಅದು ಮೇಲು. ಆದರೆ ಯಾವ ಸ್ಟೇನ್‌ಲೆಸ್ ಆದರೂ ಹೊಳಪು ಉಳಿಸಿಕೊಳ್ಳಲು ಆಮ್ಲಜನಕ ಬೇಕು. ಎರಡು ತಟ್ಟೆಗಳ ಸಂದಿಯಲ್ಲಿ, ವಾಷರ್ ಅಡಿಯಲ್ಲಿ, ಕೆಸರಿನ ಕೆಳಗೆ ಗಾಳಿ ಸಿಗದೆ ಅದೂ ಒಳಗೊಳಗೇ ಕೊರೆಯುತ್ತದೆ. ಟ್ರೇಲರ್ ಎಂದರೆ ಸಂದಿಗಳ ರಾಶಿ. ಬ್ರೇಕ್ ಡಿಸ್ಕ್, ಬ್ರೇಕ್ ಪೈಪ್, ವಿಂಚ್ ಕೊಕ್ಕೆಗಳು ಸ್ಟೇನ್‌ಲೆಸ್ ಆಗಿದ್ದರೆ ಸಾಕು.

ಇನ್ನು ಚೌಕಟ್ಟಿನ ಕೆಳಗೆ ಬಗ್ಗಿ ನೋಡಬೇಕಾದ್ದು. ಲೀಫ್ ಸ್ಪ್ರಿಂಗಿನ ಪಟ್ಟಿಗಳ ನಡುವೆ ಉಪ್ಪು ಕೂತರೆ ತುಕ್ಕು ಉಬ್ಬಿ ಪಟ್ಟಿಗಳನ್ನೇ ಬಿಡಿಸುತ್ತದೆ. ಗ್ಯಾಲ್ವನೈಸ್ ಆದ ಸ್ಪ್ರಿಂಗ್ ಕೇಳಿ. ಇದು ಸವೆಯುವ ಭಾಗ, ಬದಲಿಸಬೇಕಾಗುತ್ತದೆ ಎಂದೂ ತಿಳಿದಿರಿ. ಸ್ಪ್ರಿಂಗ್ ಬದಲು ಕೊಳವೆಯೊಳಗಿನ ರಬ್ಬರ್ ಕುಲುಕಾಟ ತಡೆಯುವ ಟಾರ್ಶನ್ ಆ್ಯಕ್ಸಲ್ ಓಡಾಟಕ್ಕೆ ಮೆತ್ತಗೆ, ಆದರೆ ಅದರ ಕೊಳವೆಯೊಳಗೆ ಏನಾಗುತ್ತಿದೆ ಎಂದು ಕಾಣುವುದಿಲ್ಲ. ಕೆಟ್ಟರೆ ಆ್ಯಕ್ಸಲ್ ಪೂರ್ತಿ ತೆಗೆದು ಹಾಕಬೇಕು. ಉಪ್ಪುನೀರಿಗೆ ನನ್ನ ಮತ ಸ್ಪ್ರಿಂಗಿಗೇ.

ಹಬ್ ವಿಷಯಕ್ಕೆ ಬಂದರೆ, ದೂರ ಓಡಿ ಬಿಸಿಯಾದ ಹಬ್ಬನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಸೀಲ್ ಸ್ವಲ್ಪ ಸಡಿಲ ಇದ್ದರೂ ಉಪ್ಪುನೀರನ್ನು ಒಳಗೆ ಹೀರಿಕೊಳ್ಳುತ್ತದೆ. ದಾರಿಯಲ್ಲಿ ನಿಂತು ಬಿಡುವ ದೋಣಿ ಟ್ರೇಲರುಗಳಲ್ಲಿ ಬಹಳಷ್ಟಕ್ಕೆ ಬೇರಿಂಗ್ ಹೋಗಿರುತ್ತದೆ. ದಡಕ್ಕೆ ಬಂದ ಕೂಡಲೇ ಇಳಿಸಬೇಡಿ, ಹಬ್ ಮುಟ್ಟಿ ನೋಡಿ, ಬಿಸಿ ಆರುವವರೆಗೆ ಕಾಯಿರಿ. ಸ್ಪ್ರಿಂಗ್ ಒತ್ತಡದಿಂದ ಗ್ರೀಸ್ ತುಂಬಿರುವಂತೆ ನೋಡಿಕೊಳ್ಳುವ ಮುಚ್ಚಳ ಹಾಕಿಸಿ. ನೀರಿಗೆ ತೊಳೆದು ಹೋಗದ ಮರೀನ್ ಗ್ರೀಸನ್ನೇ ಬಳಸಿ. ಗ್ರೀಸ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ. ಆಗ ಮೇಲಿಂದ ಹೊಸ ಗ್ರೀಸ್ ಒತ್ತಿದರೆ ಸಾಲದು, ಬಿಚ್ಚಿ ತೊಳೆದು ಸೀಲ್ ಬದಲಿಸಿ.

ಬ್ರೇಕ್ ಇದ್ದರೆ ಡ್ರಮ್‌ಗಿಂತ ಡಿಸ್ಕ್ ಒಳ್ಳೆಯದು. ಡ್ರಮ್ಮಿನೊಳಗೆ ಉಪ್ಪು ಕೂತರೆ ತೊಳೆಯುವುದು ಕಷ್ಟ. ದೀಪಗಳು ಪೂರ್ತಿ ಮುಚ್ಚಿದ ಎಲ್‌ಇಡಿ ಆಗಿರಲಿ. ಚೌಕಟ್ಟನ್ನೇ ಅರ್ಥಿಂಗ್ ಆಗಿ ಬಳಸದೆ ಪ್ರತಿ ದೀಪಕ್ಕೂ ಬೇರೆ ತಂತಿ ಎಳೆಸಿ, ತವರ ಲೇಪಿಸಿದ ತಾಮ್ರದ ತಂತಿ ಸಿಕ್ಕರೆ ಅದನ್ನೇ ಹಾಕಿಸಿ.

ತೊಳೆಯುವುದಕ್ಕೆ ದುಬಾರಿ ದ್ರಾವಣ ಬೇಕಿಲ್ಲ. ಧಾರಾಳ ಸಿಹಿನೀರು ಸಾಕು, ಆದರೆ ಉಪ್ಪು ಒಣಗುವ ಮೊದಲು. ಸ್ಪ್ರಿಂಗ್, ಹಲಗೆಯ ಅಡಿ, ಚಾನಲಿನ ಒಳಮೈ, ಚಕ್ರದ ಹಿಂಬದಿ, ಈ ಜಾಗಗಳಿಗೆ ಹೆಚ್ಚು ಹೊತ್ತು ಕೊಡಿ. ಜೋರಿನ ಪ್ರೆಷರ್ ವಾಷರನ್ನು ಹಬ್ ಸೀಲಿನ ಮೇಲೆ ಹಿಡಿಯಬೇಡಿ, ನೀರು ಒಳಗೇ ಹೋಗುತ್ತದೆ. ಇಳಿಸುವಾಗಲೂ ಬೇಕಾದ್ದಕ್ಕಿಂತ ಆಳಕ್ಕೆ ಹೋಗದೆ, ಹಬ್ ಮುಳುಗದಂತೆ ದೋಣಿ ಜಾರುತ್ತದೆಯೇ ನೋಡಿ. ರೋಲರ್ ಇರುವ ಟ್ರೇಲರಿನಲ್ಲಿ ಇದು ಸುಲಭ.

ಕೊನೆಗೆ ನಿಮ್ಮ ಹಳೇ ಟ್ರೇಲರ್. ಗ್ಯಾಲ್ವನೈಸ್ ಮಾಡಿಸಲು ಖಂಡಿತ ಬರುತ್ತದೆ, ಆದರೆ ಚೌಕಟ್ಟು ಅದಕ್ಕೆ ಯೋಗ್ಯವಾಗಿದ್ದರೆ ಮಾತ್ರ. ಆ್ಯಕ್ಸಲ್, ಸ್ಪ್ರಿಂಗ್, ತಂತಿ, ಹಲಗೆ ಎಲ್ಲವನ್ನೂ ಬಿಚ್ಚಬೇಕು. ಬಣ್ಣವನ್ನು ಪೂರ್ತಿ ತೆಗೆಸಬೇಕು, ಏಕೆಂದರೆ ಆಸಿಡ್ ತುಕ್ಕನ್ನು ಕರಗಿಸುತ್ತದೆ, ಬಣ್ಣವನ್ನು ಅಲ್ಲ. ಬಣ್ಣ ಉಳಿದ ಕಡೆ ಸತು ಹಿಡಿಯುವುದಿಲ್ಲ. ಬಾಕ್ಸ್ ಪೈಪುಗಳ ಎರಡೂ ಕೊನೆಯಲ್ಲಿ ತೂತು ಇರಲೇಬೇಕು. ಮುಚ್ಚಿದ ಪೈಪಿನೊಳಗೆ ನೀರಿನ ಪಸೆ ಉಳಿದಿದ್ದರೆ ಕರಗಿದ ಸತುವಿನಲ್ಲಿ ಅದು ಆವಿಯಾಗಿ ಪೈಪ್ ಸಿಡಿಯುತ್ತದೆ, ಅಲ್ಲಿನ ಕೆಲಸಗಾರರ ಜೀವಕ್ಕೇ ಅಪಾಯ. ಮುಚ್ಚಿದ ಭಾಗ ಎಲ್ಲೆಲ್ಲಿದೆ ಎಂದು ಅವರಿಗೆ ಮೊದಲೇ ತೋರಿಸಿ. ತೆಳು ಗೋಡೆಯ ಚೌಕಟ್ಟು ಬಿಸಿಗೆ ಸ್ವಲ್ಪ ತಿರುಚಿಕೊಳ್ಳುವ ಸಾಧ್ಯತೆಯೂ ಇದೆ. ಬೇಕಾದ ತೂತು, ಬ್ರಾಕೆಟ್ ಎಲ್ಲವನ್ನೂ ಅದ್ದುವ ಮೊದಲೇ ಮಾಡಿಸಿ. ಆಮೇಲೆ ವೆಲ್ಡ್ ಮಾಡಿದರೆ ಸತು ಸುಟ್ಟುಹೋಗುತ್ತದೆ, ಅದರ ಹೊಗೆ ಕುಡಿದವರಿಗೆ ಜ್ವರವೂ ಬರುತ್ತದೆ.

ಇದಕ್ಕೆಲ್ಲ ಕೈ ಹಾಕುವ ಮೊದಲು ಒಂದು ಸುತ್ತಿಗೆ ತೆಗೆದುಕೊಂಡು ಚೌಕಟ್ಟಿನ ಉದ್ದಕ್ಕೂ ಬಡಿದು ನೋಡಿ. ಗಣ್ ಎಂದರೆ ಗೋಡೆ ಗಟ್ಟಿ ಇದೆ. ಮಂದ ಸದ್ದು ಬಂದರೆ, ಒಳಗಿನಿಂದ ಹಕ್ಕಳೆ ಉದುರಿದರೆ, ಆ್ಯಕ್ಸಲ್ ಕೂರುವ ಜಾಗದಲ್ಲಿ ಗುಳಿ ಬಿದ್ದಿದ್ದರೆ ಅದಕ್ಕೆ ಹಣ ಹಾಕಬೇಡಿ, ಕೆರೆಗೂ ಹೇರಬೇಡಿ.